ಓರ್ಡೋಸ್ ದ್ರೋಣಿಯ ಬಿಗಿ ಮರಳುಗಲ್ಲು

ಓರ್ಡೋಸ್ ದ್ರೋಣಿಯ ಬಿಗಿ ಮರಳುಗಲ್ಲು ಎಂದರೆ ಚೀನಾದ ಉತ್ತರ ಮಧ್ಯಭಾಗದಲ್ಲಿ, ಹಳದಿ ನದಿಯ ದೊಡ್ಡ ತಿರುವಿನ ಒಳಗೆ ಹರಡಿರುವ ಓರ್ಡೋಸ್ ದ್ರೋಣಿಯಲ್ಲಿ ಕಚ್ಚಾತೈಲವನ್ನೂ ನೈಸರ್ಗಿಕ ಅನಿಲವನ್ನೂ ಹಿಡಿದಿಟ್ಟುಕೊಂಡಿರುವ, ಆದರೆ ಸುಲಭವಾಗಿ ಬಿಟ್ಟುಕೊಡದ ಮರಳುಗಲ್ಲಿನ ಸ್ತರಗಳು. ಮರಳುಗಲ್ಲು ತೈಲವನ್ನು ಕೊಳದಂತೆ ತುಂಬಿಕೊಂಡಿರುವುದಿಲ್ಲ. ಅದರ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ತೈಲವೂ ಅನಿಲವೂ ನೆಲೆಸಿರುತ್ತವೆ. ಆ ರಂಧ್ರಗಳು ಎಷ್ಟಿವೆ, ಒಂದರಿಂದ ಇನ್ನೊಂದಕ್ಕೆ ದಾರಿ ಎಷ್ಟು ಅಗಲವಾಗಿದೆ ಎಂಬ ಎರಡು ಸಂಗತಿಗಳಿಂದ ಸಂಗ್ರಹಶಿಲೆಯ ಗುಣಮಟ್ಟ ನಿರ್ಣಯವಾಗುತ್ತದೆ. ಓರ್ಡೋಸ್‌ನ ಶಿಲೆಗಳು ಈ ಎರಡರಲ್ಲೂ ಬಡವಾಗಿದ್ದರೂ ಚೀನಾದ ಅತಿ ದೊಡ್ಡ ಅನಿಲ ಕ್ಷೇತ್ರವಾದ ಸುಲಿಗೆ ಇರುವುದು ಇವುಗಳಲ್ಲೇ. ('ಸುಲಿಗೆ' ಎಂಬುದು ಸ್ಥಳನಾಮ, ಕನ್ನಡದ ಅದೇ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.)

ದ್ರೋಣಿ ಮತ್ತು ಅದರ ಹಿನ್ನೆಲೆ

ದ್ರೋಣಿಯ ವಿಸ್ತೀರ್ಣ ಸುಮಾರು 2.5 ಲಕ್ಷ ಚದರ ಕಿಲೋಮೀಟರ್. ಒಳ ಮಂಗೋಲಿಯ, ನಿಂಗ್‌ಶ್ಯಾ, ಗಾನ್ಸು ಮತ್ತು ಶಾನ್‌ಶಿ ಪ್ರಾಂತ್ಯಗಳಲ್ಲಿ ಇದು ಹಂಚಿಹೋಗಿದೆ. ನಮ್ಮ ಕಿವಿಗೆ ಶಾನ್‌ಶಿ ಎಂದೇ ಕೇಳಿಸುವ ಎರಡು ನೆರೆಯ ಪ್ರಾಂತ್ಯಗಳಿದ್ದು, ಎರಡಕ್ಕೂ ದ್ರೋಣಿಯಲ್ಲಿ ಪಾಲಿದೆ. ಉತ್ತರದಲ್ಲಿ ಮೂ ಊಸ್ ಮರಳುಗಾಡು, ದಕ್ಷಿಣದಲ್ಲಿ ಗಾಳಿ ತಂದು ಸುರಿದ ಹಳದಿ ಮಣ್ಣಿನ ಲೋಯೆಸ್ ಪ್ರಸ್ಥಭೂಮಿ. ಮಳೆ ಕಡಿಮೆ, ನೀರು ವಿರಳ.

ಇಲ್ಲಿಯ ತೈಲದ ಪರಿಚಯ ಜನರಿಗೆ ಬಹಳ ಹಳೆಯದು. ಸೋಂಗ್ ರಾಜವಂಶದ ಅಧಿಕಾರಿಯೂ ಬಹುಶ್ರುತ ವಿದ್ವಾಂಸನೂ ಆಗಿದ್ದ ಶೆನ್ ಕುವೊ (1031–1095) ಯಾನ್ಆನ್ ಸೀಮೆಯಲ್ಲಿ ನೀರಿನಂಚಿನ ಮರಳು ಕಲ್ಲುಗಳ ನಡುವಿನಿಂದ ಜಿನುಗುವ ಎಣ್ಣೆಯನ್ನು ಜನರು ಹಕ್ಕಿಯ ಗರಿಯಿಂದ ಒರೆಸಿ ಮಡಕೆಗೆ ತುಂಬುವುದನ್ನು ಕಂಡು ಬರೆದಿಟ್ಟಿದ್ದಾನೆ. ಅದರ ದಟ್ಟ ಹೊಗೆಯ ಮಸಿಯಿಂದ ಬರೆಯುವ ಶಾಯಿಯನ್ನು ತಯಾರಿಸಿದವನೂ ಅವನೇ. ಚೀನೀ ಭಾಷೆಯಲ್ಲಿ ಪೆಟ್ರೋಲಿಯಮ್‌ಗೆ ಇಂದಿಗೂ ಬಳಕೆಯಲ್ಲಿರುವ, 'ಕಲ್ಲೆಣ್ಣೆ' ಎಂಬರ್ಥದ ಪದ ಅವನ ಗ್ರಂಥದಲ್ಲಿದೆ. 1907ರಲ್ಲಿ ಇದೇ ಸೀಮೆಯ ಯಾನ್‌ಚಾಂಗ್‌ನಲ್ಲಿ ಚೀನಾದ ಮುಖ್ಯ ಭೂಭಾಗದ ಮೊದಲ ಆಧುನಿಕ ತೈಲಬಾವಿಯನ್ನು ಕೊರೆಯಲಾಯಿತು. ಆದರೂ ದ್ರೋಣಿಯ ನಿಜವಾದ ಸಂಪತ್ತು ಕೈಗೆ ಸಿಗಲು ಇನ್ನೂ ಸುಮಾರು ಒಂದು ಶತಮಾನ ಹಿಡಿಯಿತು. ತೈಲವಿದೆಯೆಂದು ತಿಳಿಯದೆ ಹೀಗಾದದ್ದಲ್ಲ. ಕಲ್ಲು ಅದನ್ನು ಬಿಡುತ್ತಿರಲಿಲ್ಲ.

'ಬಿಗಿ' ಎಂಬುದರ ಅಳತೆ

ಶಿಲೆಯ ಒಟ್ಟು ಗಾತ್ರದಲ್ಲಿ ಖಾಲಿ ಜಾಗ ಶೇಕಡ ಎಷ್ಟು ಎಂಬುದು ಸರಂಧ್ರತೆ. ಆ ಜಾಗದ ಮೂಲಕ ದ್ರವ ಎಷ್ಟು ಸಲೀಸಾಗಿ ಹರಿಯಬಲ್ಲದು ಎಂಬುದು ಪಾರಗಮ್ಯತೆ. ಇವೆರಡೂ ಒಂದೇ ಅಲ್ಲ. ಕಾಫಿ ಫಿಲ್ಟರಿನಲ್ಲಿ ತರಿತರಿಯಾದ ಪುಡಿ ಹಾಕಿದರೆ ಡಿಕಾಕ್ಷನ್ ಬೇಗ ಇಳಿಯುತ್ತದೆ, ನುಣ್ಣನೆಯ ಪುಡಿ ಹಾಕಿದರೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಎರಡರಲ್ಲೂ ಕಣಗಳ ನಡುವಿನ ಒಟ್ಟು ಖಾಲಿ ಜಾಗ ಹೆಚ್ಚು ಕಡಿಮೆ ಒಂದೇ. ದಾರಿಯ ಅಗಲ ಮಾತ್ರ ಬೇರೆ. ಶಿಲೆಯಲ್ಲಿ ಎರಡು ರಂಧ್ರಗಳನ್ನು ಕೂಡಿಸುವ ಈ ಇಕ್ಕಟ್ಟಾದ ದಾರಿಗೆ 'ರಂಧ್ರಕಂಠ' ಎನ್ನಬಹುದು. ಪಾರಗಮ್ಯತೆಯು ಕಂಠದ ಅಗಲದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ: ಸರಂಧ್ರತೆ ಅಷ್ಟೇ ಇದ್ದು ಕಂಠದ ಅಗಲ ಅರ್ಧವಾದರೆ ಹರಿವು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಪಾರಗಮ್ಯತೆಯ ಮಾನಕ್ಕೆ ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿಯ ಹೆಸರಿದೆ. ದಿಜಾನ್ ನಗರದ ನೀರು ಸರಬರಾಜಿಗಾಗಿ ಮರಳಿನ ಮೂಲಕ ನೀರನ್ನು ಹಾಯಿಸಿ ನೋಡಿದ ಪ್ರಯೋಗಗಳನ್ನು ಅವನು 1856ರಲ್ಲಿ ಪ್ರಕಟಿಸಿದ. ಡಾರ್ಸಿಯ ಸಾವಿರದ ಒಂದು ಭಾಗ ಮಿಲಿಡಾರ್ಸಿ. ಒಳ್ಳೆಯ ಸಾಂಪ್ರದಾಯಿಕ ತೈಲಶಿಲೆಗಳಲ್ಲಿ ಪಾರಗಮ್ಯತೆ ನೂರಾರು ಮಿಲಿಡಾರ್ಸಿ ಇರುವುದುಂಟು. ಭೂಗರ್ಭದ ಒತ್ತಡದಲ್ಲಿ ಅಳೆದಾಗ 0.1 ಮಿಲಿಡಾರ್ಸಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಮರಳುಗಲ್ಲನ್ನು ಬಿಗಿ ಎಂದು ಕರೆಯುವುದು ರೂಢಿ. ಈ ಅಂಕಿ ಪ್ರಕೃತಿ ಎಳೆದ ಗೆರೆಯಲ್ಲ. 1978ರ ಅಮೆರಿಕದ ನೈಸರ್ಗಿಕ ಅನಿಲ ನೀತಿ ಕಾಯಿದೆಯ ನಂತರ, ಯಾವ ಅನಿಲಕ್ಕೆ ಹೆಚ್ಚಿನ ಬೆಲೆಯ ಪ್ರೋತ್ಸಾಹ ಕೊಡಬೇಕೆಂಬ ಆಡಳಿತದ ಪ್ರಶ್ನೆಗೆ ಉತ್ತರವಾಗಿ ಅದು ನೆಲೆಯೂರಿತು. ಚೀನಾವೂ ಅದನ್ನೇ ಅನುಸರಿಸಿದೆ.

ಅಳತೆಯಲ್ಲೂ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಕಡಿಮೆ ಒತ್ತಡದ ಅನಿಲವನ್ನು ಹಾಯಿಸಿದಾಗ ಅದು ಕಂಠದ ಗೋಡೆಯ ಮೇಲೆ ಜಾರಿ, ಇರುವುದಕ್ಕಿಂತ ಹೆಚ್ಚಿನ ಪಾರಗಮ್ಯತೆಯನ್ನು ತೋರಿಸುತ್ತದೆ. 1941ರಲ್ಲಿ ಕ್ಲಿಂಕೆನ್‌ಬರ್ಗ್ ಇದನ್ನು ವಿವರಿಸಿದರು. ಮೇಲಿನ ಭಾರದಿಂದ ಬಿಡುಗಡೆಗೊಂಡ ಶಿಲಾಮಾದರಿ ಸ್ವಲ್ಪ ಸಡಿಲಗೊಳ್ಳುವುದೂ ಉಂಟು. ಮೇಜಿನ ಮೇಲೆ ಒಂದು ಮಿಲಿಡಾರ್ಸಿ ತೋರುವ ಬಿಗಿ ಶಿಲೆ ನೆಲದಾಳದಲ್ಲಿ ಅದರ ಸಣ್ಣ ಅಂಶವನ್ನಷ್ಟೇ ಹೊಂದಿರಬಹುದು.

2009ರಲ್ಲಿ ಫಿಲಿಪ್ ನೆಲ್ಸನ್ ಸಂಕಲಿಸಿದ ಅಳತೆಗಳ ಪ್ರಕಾರ ಸಾಂಪ್ರದಾಯಿಕ ಮರಳುಗಲ್ಲಿನ ಕಂಠಗಳು 2 ಮೈಕ್ರೋಮೀಟರಿಗಿಂತ ಅಗಲ. ಬಿಗಿ ಮರಳುಗಲ್ಲಿನವು 2ರಿಂದ 0.03 ಮೈಕ್ರೋಮೀಟರ್. ಮೀಥೇನ್ ಅಣುವಿನ ವ್ಯಾಸ ಸುಮಾರು 0.00038 ಮೈಕ್ರೋಮೀಟರ್ ಆದ್ದರಿಂದ ಅದು ನುಸುಳಬಲ್ಲದು. ತೈಲದ ದೊಡ್ಡ ಅಣುಗಳಿಗೂ ಅದರ ಜಿಗುಟಿಗೂ ಇದೇ ದಾರಿ ಬಹಳ ಕಷ್ಟ. ಆದಕಾರಣ ಅನಿಲಕ್ಕೆ ಸಾಕಾಗುವ ಶಿಲೆ ತೈಲಕ್ಕೆ ಸಾಲದೆ ಹೋಗಬಹುದು.

ಮರಳು ಬಿದ್ದ ಬಗೆ

ದ್ರೋಣಿಯಲ್ಲಿ ಎರಡು ಮುಖ್ಯ ಬಿಗಿ ಶಿಲಾಸಮೂಹಗಳಿವೆ. ಆಳದಲ್ಲಿರುವುದು ಪರ್ಮಿಯನ್ ಯುಗದ ಶಾನ್‌ಶಿ ಮತ್ತು ಶಿಹೆಜಿ ಶಿಲಾಸ್ತರಗಳ ಸಮೂಹ. ಸುಲಿಗೆಯ ಅನಿಲ ಇದರದ್ದು. ಮೇಲಿರುವುದು ಉತ್ತರ ಟ್ರಯಾಸಿಕ್ ಯುಗದ ಯಾನ್‌ಚಾಂಗ್ ಶಿಲಾಸಮೂಹ. ಇದು ತೈಲದ ನೆಲೆ. ಯಾನ್‌ಚಾಂಗ್ ಸಮೂಹವನ್ನು ಚಾಂಗ್-10ರಿಂದ ಚಾಂಗ್-1ರವರೆಗೆ ಹತ್ತು ಘಟಕಗಳಾಗಿ ವಿಂಗಡಿಸಿದ್ದಾರೆ. ಎಣಿಕೆ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ದೊಡ್ಡ ಸಂಖ್ಯೆಯದೇ ಹಳೆಯದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಯಾನ್‌ಚಾಂಗ್ ಕಾಲದಲ್ಲಿ ಇಲ್ಲೊಂದು ವಿಶಾಲ ಸರೋವರವಿತ್ತು. ಚಾಂಗ್-7ರ ಕಾಲಕ್ಕೆ ಅದು ತನ್ನ ಗರಿಷ್ಠ ವಿಸ್ತಾರವನ್ನು ತಲುಪಿ, ಅದರ ತಳದಲ್ಲಿ ಜೈವಿಕ ದ್ರವ್ಯ ಸಮೃದ್ಧವಾದ ಕಪ್ಪು ಕೆಸರು ಶೇಖರವಾಯಿತು. ಅದೇ ತೈಲದ ಮೂಲಶಿಲೆ. ಅದಕ್ಕೆ ಮೊದಲಿನ ಚಾಂಗ್-8 ಮತ್ತು ನಂತರದ ಚಾಂಗ್-6ರ ಕಾಲದಲ್ಲಿ ನದಿಗಳು ಸರೋವರದ ಅಂಚಿನಲ್ಲಿ ಮುಖಜಭೂಮಿಗಳನ್ನು ನಿರ್ಮಿಸಿದವು. ಮುಖಜಭೂಮಿಯ ಕವಲು ಕಾಲುವೆಗಳಲ್ಲಿ ಬಿದ್ದ ಮರಳು ಹೆಚ್ಚು ದಪ್ಪ, ಹೆಚ್ಚು ಶುದ್ಧ. ಕಾಲುವೆಗಳ ಅಂಚಿನದು ನುಣುಪು, ಕೆಸರುಮಿಶ್ರಿತ. ಸರೋವರದ ನಡುವಿಗೆ ಇಳಿಜಾರಿನಲ್ಲಿ ಕುಸಿದು ಜಾರಿದ ಮರಳಿನ ರಾಶಿಗಳೂ ಇವೆ.

ವಿಂಗಡಣೆ ಎಷ್ಟು ಮುಖ್ಯವೆಂಬುದನ್ನು ಬಿಯರ್ಡ್ ಮತ್ತು ವೇಲ್ 1973ರಲ್ಲಿ ಕೃತಕವಾಗಿ ಬೆರೆಸಿದ ಮರಳುಗಳಿಂದ ತೋರಿಸಿದರು. ಒಂದೇ ಗಾತ್ರದ ಕಣಗಳಿರುವ ಹಸಿ ಮರಳಿನ ಸರಂಧ್ರತೆ ಶೇ. 42ರ ಆಸುಪಾಸು, ಸಣ್ಣದು ದೊಡ್ಡದು ಬೆರೆತ ಮರಳಿನದು ಶೇ. 28ರ ಸುತ್ತಮುತ್ತ. ದೊಡ್ಡ ಕಣಗಳ ನಡುವಿನ ಎಡೆಯನ್ನು ಸಣ್ಣವು ತುಂಬಿಬಿಡುತ್ತವೆ. ಹುಟ್ಟಿದ ದಿನವೇ ಎರಡು ಮರಳುಗಳ ನಡುವೆ ಇಷ್ಟು ಅಂತರವಿದ್ದರೆ, ಕೋಟ್ಯಂತರ ವರ್ಷಗಳ ಮುಂದಿನ ಪಯಣದಲ್ಲಿ ಅದು ಹಿಗ್ಗುತ್ತಲೇ ಹೋಗುತ್ತದೆ.

ಪರ್ಮಿಯನ್ ಕಾಲದ ಚಿತ್ರ ಬೇರೆ. ಉತ್ತರದ ಯಿನ್‌ಶಾನ್ ಪರ್ವತಗಳ ಕಡೆಯಿಂದ ಹರಿದುಬಂದ, ಹೆಣೆದ ಜಡೆಯಂತೆ ಕವಲೊಡೆದು ಕೂಡುವ ನದಿಗಳು ಅಗಲವಾದ ಮರಳಿನ ಹಾಸುಗಳನ್ನು ಬಿಟ್ಟುಹೋದವು. ಸುಲಿಗೆಯಲ್ಲಿ ಮರಳುಗಲ್ಲು ಎಲ್ಲೆಡೆ ಇದೆ. ಅನಿಲ ಕೊಡುವ ಮರಳುಗಲ್ಲು ಎಲ್ಲೆಡೆ ಇಲ್ಲ. ಕ್ವಾರ್ಟ್ಜ್ ಹೆಚ್ಚಿರುವ ಉರುಟು ಮರಳು ಮಾತ್ರ ಒಳ್ಳೆಯ ಸಂಗ್ರಹಶಿಲೆಯಾಗಿದ್ದು, ಅದು ದೊಡ್ಡ ಹಾಸಿನೊಳಗೆ ಕೆಲವೇ ಮೀಟರ್ ದಪ್ಪದ ಬಿಡಿಬಿಡಿ ತುಣುಕುಗಳಾಗಿ ಚದುರಿದೆ.

ಅದುಮಿಕೆ

ಮರಳಿನ ಮೇಲೆ ಹೊಸ ಪದರಗಳು ಬಿದ್ದಂತೆ ಕಣಗಳು ಸರಿದು ಹತ್ತಿರವಾಗುತ್ತವೆ. ಬಿಗಿ ಮರಳುಗಲ್ಲುಗಳ ಬಹುಪಾಲು ಅಧ್ಯಯನಗಳಲ್ಲಿ ರಂಧ್ರನಷ್ಟದ ಮೊದಲ ಆರೋಪಿ ಇದೇ. ಗಟ್ಟಿ ಕ್ವಾರ್ಟ್ಜ್ ಕಣಗಳಷ್ಟೇ ಇದ್ದಲ್ಲಿ ಅದುಮಿಕೆಗೆ ಒಂದು ಮಿತಿಯಿದೆ: ಪ್ಯಾಕ್ಸ್‌ಟನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ತೋರಿಸಿದಂತೆ, ಕಣಗಳ ನಡುವಿನ ಜಾಗ ಸುಮಾರು 2,000–2,500 ಮೀಟರ್ ಆಳದ ವೇಳೆಗೆ ಶೇ. 26ರ ಸುಮಾರಿಗೆ ಇಳಿದು ನಿಂತುಬಿಡುತ್ತದೆ. ಕಣಗಳು ಒಂದಕ್ಕೊಂದು ಆತುಕೊಂಡು ಚೌಕಟ್ಟಾಗಿ ಭಾರವನ್ನು ಹೊರುತ್ತವೆ.

ಮೆದು ಕಣಗಳು ಬೆರೆತಾಗ ಈ ಲೆಕ್ಕ ತಪ್ಪುತ್ತದೆ. ಅಭ್ರಕದ ಹಾಳೆಗಳು, ಮಣ್ಣುಗಲ್ಲಿನ ಚೂರುಗಳು, ಕೊಳೆತ ಜ್ವಾಲಾಮುಖಿ ಶಿಲೆಯ ತುಣುಕುಗಳು ಭಾರಕ್ಕೆ ಅವಲಕ್ಕಿಯಂತೆ ಚಪ್ಪಟೆಯಾಗಿ ಪಕ್ಕದ ರಂಧ್ರದೊಳಕ್ಕೆ ನುಗ್ಗುತ್ತವೆ. ಯಾನ್‌ಚಾಂಗ್ ಮರಳುಗಲ್ಲಿನಲ್ಲಿ ಬಾಗಿದ, ಸೀಳಿದ ಅಭ್ರಕದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯ ದೃಶ್ಯ. ಸುಲಿಗೆಯ ಪೂರ್ವ ಭಾಗದ ಮರಳಿನಲ್ಲಿ ಶಿಲಾಚೂರುಗಳು ಹೆಚ್ಚು, ಪಶ್ಚಿಮ ಹಾಗೂ ಮಧ್ಯಭಾಗದಲ್ಲಿ ಕ್ವಾರ್ಟ್ಜ್ ಹೆಚ್ಚು. ಒಳ್ಳೆಯ ಶಿಲೆಯನ್ನು ಪಶ್ಚಿಮಕ್ಕೆ ಹುಡುಕುವುದಕ್ಕೆ ಇದೂ ಒಂದು ಕಾರಣ. ಹೀಗೆ ನೂರಾರು ಕಿಲೋಮೀಟರ್ ದೂರದ ಯಾವ ಬೆಟ್ಟ ಸವೆದು ಮರಳಾಯಿತು ಎಂಬುದು ಇಂದಿನ ಬಾವಿಯ ಇಳುವರಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಬೆಸೆಯುವ ಖನಿಜಗಳು

ಹೂತ ಮರಳಿನಲ್ಲಿ ಬಿಸಿನೀರು, ಒತ್ತಡ ಮತ್ತು ಕಾಲ ಸೇರಿ ನಡೆಸುವ ರಾಸಾಯನಿಕ ಬದಲಾವಣೆಗಳಿಗೆ ಒಟ್ಟಾಗಿ ಡಯಾಜೆನೆಸಿಸ್ ಎನ್ನುತ್ತಾರೆ, ಶಿಲಾಪರಿಪಾಕ ಎನ್ನಬಹುದು. ಇದರಲ್ಲಿ ಹೊಸ ಖನಿಜಗಳು ರಂಧ್ರಗಳಲ್ಲಿ ಬೆಳೆದು ಕಣಗಳನ್ನು ಗಾರೆಯಂತೆ ಬೆಸೆಯುತ್ತವೆ.

ಕ್ವಾರ್ಟ್ಜ್ ಕಣದ ಮೇಲೆ ಹೊಸ ಕ್ವಾರ್ಟ್ಜ್ ಬೆಳೆಯುವುದು ಸುಮಾರು 70–80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಣನೀಯವಾಗುತ್ತದೆ. ಒಮ್ಮೆ ಆರಂಭವಾದರೆ ಶಿಲೆ ತಣ್ಣಗಾಗುವವರೆಗೂ ಅದು ಸುಲಭವಾಗಿ ನಿಲ್ಲುವುದಿಲ್ಲ. ಕ್ಯಾಲ್ಸೈಟ್ ಮತ್ತು ಕಬ್ಬಿಣಾಂಶವುಳ್ಳ ಇತರ ಕಾರ್ಬೊನೇಟುಗಳು ಮರಳಿನ ಹಾಸು ಮಣ್ಣುಗಲ್ಲಿಗೆ ತಾಗುವ ಅಂಚುಗಳಲ್ಲಿ ವಿಶೇಷವಾಗಿ ಸೇರುತ್ತವೆ, ಏಕೆಂದರೆ ಅವುಗಳಿಗೆ ಬೇಕಾದ ದ್ರವ್ಯವನ್ನು ಮಣ್ಣುಗಲ್ಲು ಒದಗಿಸುತ್ತದೆ. ತೆಳುವಾದ ಮರಳಿನ ಪದರಗಳು ಪೂರ್ತಿ ಮುಚ್ಚಿಹೋಗುವುದೂ, ದಪ್ಪ ಪದರಗಳ ನಡುಭಾಗ ಉಳಿಯುವುದೂ ಇದರಿಂದಲೇ.

ಜೇಡಿ ಖನಿಜಗಳು ಹೆಚ್ಚು ಕುತೂಹಲಕರ. ಕೂದಲೆಳೆಯಂತೆ ಬೆಳೆಯುವ ಇಲ್ಲೈಟ್ ಜಾಗವನ್ನು ಅಷ್ಟಾಗಿ ತುಂಬುವುದಿಲ್ಲ. ಆದರೆ ಕಂಠಗಳಿಗೆ ಅಡ್ಡಲಾಗಿ ಜೇಡರ ಬಲೆ ನೇಯ್ದು ಹರಿವನ್ನು ಕಟ್ಟಿಹಾಕುತ್ತದೆ. ಸರಂಧ್ರತೆ ಉಳಿದು ಪಾರಗಮ್ಯತೆ ಸತ್ತ ಶಿಲೆಯನ್ನು ನೋಡಬೇಕಾದರೆ ಇಲ್ಲೈಟ್ ಇರುವಲ್ಲಿ ನೋಡಬೇಕು. ಶಿಲಾಮಾದರಿಯನ್ನು ಗಾಳಿಯಲ್ಲಿ ಒಣಗಿಸಿದರೆ ಈ ಎಳೆಗಳು ಗೋಡೆಗೆ ಅಂಟಿಕೊಂಡು, ಅಳತೆಯಲ್ಲಿ ಇಲ್ಲದ ಪಾರಗಮ್ಯತೆ ಕಾಣಿಸುತ್ತದೆ. ಇದಕ್ಕೆ ವಿರುದ್ಧ ಸ್ವಭಾವದ್ದು ಕ್ಲೋರೈಟ್. ಕಣದ ಸುತ್ತ ತೆಳುವಾದ ಹಸಿರು ಲೇಪದಂತೆ ಅದು ಬೇಗನೆ ಬೆಳೆದರೆ ಹೊಸ ಕ್ವಾರ್ಟ್ಜ್ ನೆಲೆಯೂರಲು ಮೇಲ್ಮೈ ಸಿಗದೆ ಮೂಲ ರಂಧ್ರಗಳು ಉಳಿಯುತ್ತವೆ. ಚಾಂಗ್-8 ಮತ್ತು ಚಾಂಗ್-6ರ ಕಾಲುವೆ ಮರಳುಗಳಲ್ಲಿ ಒಳ್ಳೆಯ ಶಿಲೆಯೊಡನೆ ಕ್ಲೋರೈಟ್ ಲೇಪ ಪದೇಪದೇ ಕಾಣಸಿಗುತ್ತದೆ. ಆದರೆ ಜೊತೆಯಲ್ಲಿರುವುದೆಲ್ಲ ಕಾರಣವಾಗಬೇಕಿಲ್ಲ. ಮೊದಲೇ ಚೆನ್ನಾಗಿದ್ದ ಕಾಲುವೆ ಮರಳಿನಲ್ಲಿ ಕ್ಲೋರೈಟ್ ಬೆಳೆಯಲು ಅನುಕೂಲವಿತ್ತು, ಅಷ್ಟೇ ಎಂದು ವಾದಿಸುವವರೂ ಇದ್ದಾರೆ. ಲೇಪ ದಪ್ಪವಾದರೆ ಕಂಠವನ್ನು ಅದೇ ಮುಚ್ಚುತ್ತದೆ ಎಂಬುದೂ ನಿಜ.

ಕರಗುವಿಕೆ

ತುಂಬುವ ಕ್ರಿಯೆಯ ಜೊತೆಗೇ ಬಿಡಿಸುವ ಕ್ರಿಯೆಯೂ ನಡೆಯುತ್ತದೆ. ಮೂಲಶಿಲೆ ಕಾದು ತೈಲ ಬಿಡುವ ಮುನ್ನ ಹಾಗೂ ಆ ವೇಳೆಯಲ್ಲಿ ಸಾವಯವ ಆಮ್ಲಗಳನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಇವು ಪಕ್ಕದ ಮರಳುಗಲ್ಲಿಗೆ ಹೊಕ್ಕು ಫೆಲ್ಡ್‌ಸ್ಪಾರ್, ಶಿಲಾಚೂರು, ಕೆಲವು ಬೆಸುಗೆ ಖನಿಜಗಳನ್ನು ಕರಗಿಸಿ ಹೊಸ ರಂಧ್ರಗಳನ್ನು ಮಾಡುತ್ತವೆ. ದ್ರೋಣಿಯ ಈಶಾನ್ಯದ ಚಾಂಗ್-6 ಶಿಲೆಯಲ್ಲಿ ಲಾಮಂಟೈಟ್ ಎಂಬ ಜಿಯೊಲೈಟ್ ಖನಿಜ ಮೊದಲು ರಂಧ್ರಗಳನ್ನು ತುಂಬಿ, ಅನಂತರ ಭಾಗಶಃ ಕರಗಿ ತೈಲಕ್ಕೆ ಜಾಗ ಬಿಟ್ಟುಕೊಟ್ಟಿದೆ.

ಒಂದೇ ದ್ರೋಣಿಯ ಎರಡು ಸಮೂಹಗಳು ಇಲ್ಲಿ ಎರಡು ದಾರಿ ಹಿಡಿದಿವೆ. ಸರೋವರದ ಯಾನ್‌ಚಾಂಗ್ ಶಿಲೆ ಇಂದಿಗೂ ಫೆಲ್ಡ್‌ಸ್ಪಾರ್ ಸಮೃದ್ಧ. ಕಲ್ಲಿದ್ದಲಿನ ನೆರೆಯಲ್ಲಿದ್ದ ಪರ್ಮಿಯನ್ ಶಿಲೆಯಲ್ಲಿ ಫೆಲ್ಡ್‌ಸ್ಪಾರ್ ಬಹಳ ಕಡಿಮೆ. ಜೌಗುಭೂಮಿಯ ಆಮ್ಲೀಯ ನೀರು ಅದನ್ನು ಮೊದಲೇ ತಿಂದುಹಾಕಿ ಕೆಯೊಲಿನೈಟನ್ನೂ ಸಿಲಿಕವನ್ನೂ ಬಿಟ್ಟಿತು. ಆಮ್ಲೀಯ ನೀರಿನಲ್ಲಿ ಆರಂಭದ ಕ್ಯಾಲ್ಸೈಟ್ ನೆಲೆಯೂರದ ಕಾರಣ ಚೌಕಟ್ಟಿಗೆ ಊರುಗೋಲಿಲ್ಲದೆ ಅದುಮಿಕೆಯೂ ತೀವ್ರವಾಯಿತು. ಒಂದೇ ಆಮ್ಲ ರಂಧ್ರಕ್ಕೆ ಮಿತ್ರನೂ ಶತ್ರುವೂ ಆಗಿದೆ.

ಕರಗುವಿಕೆಯಿಂದ ಎಷ್ಟು ಲಾಭವಾಯಿತು ಎಂಬುದು ಇನ್ನೂ ಬಗೆಹರಿಯದ ವಿವಾದ. ಶ್ಮಿಟ್ ಮತ್ತು ಮೆಕ್‌ಡೊನಾಲ್ಡ್ 1979ರಲ್ಲಿ ದ್ವಿತೀಯಕ ರಂಧ್ರಗಳ ಮಹತ್ತ್ವವನ್ನು ಎತ್ತಿ ಹಿಡಿದರು. ನಾರ್ವೆಯ ಕ್ನುಟ್ ಬ್ಯೋರ್ಲಿಕೆ ಬೇರೊಂದು ಪ್ರಶ್ನೆ ಕೇಳಿದರು: ಆಳದಲ್ಲಿ ನೀರು ಬಹುಮಟ್ಟಿಗೆ ನಿಂತೇ ಇರುವಾಗ ಕರಗಿದ ದ್ರವ್ಯ ಹೋಗುವುದಾದರೂ ಎಲ್ಲಿಗೆ? ಅದು ಅಲ್ಲೇ ಪಕ್ಕದಲ್ಲಿ ಜೇಡಿಯಾಗಿ, ಕ್ವಾರ್ಟ್ಜ್ ಆಗಿ ಮತ್ತೆ ಕೂತರೆ ಒಟ್ಟು ಜಾಗ ಹೆಚ್ಚುವುದಿಲ್ಲ. ದೊಡ್ಡ ರಂಧ್ರವೊಂದು ತೆರೆದು ಹಲವು ಸಣ್ಣ ಕಂಠಗಳು ಮುಚ್ಚುತ್ತವೆ. ಬಿಗಿ ಶಿಲೆಯ ವಿಷಯದಲ್ಲಿ ಈ ಆಕ್ಷೇಪಕ್ಕೆ ಹೆಚ್ಚು ತೂಕವಿದೆಯೆಂದು ತೋರುತ್ತದೆ. ಬಿರುಕುಗಳ ಅಥವಾ ದಪ್ಪ ಕಾಲುವೆ ಮರಳಿನ ಆಸರೆಯಲ್ಲಿ ನೀರು ಚಲಿಸಿದ ಕಡೆ ಮಾತ್ರ ನಿಜವಾದ ಲಾಭ ನಿರೀಕ್ಷಿಸಬಹುದು.

ಬಿರುಕುಗಳು

ಓರ್ಡೋಸ್ ಸ್ಥಿರವಾದ ಪ್ರಾಚೀನ ಭೂಖಂಡದ ಮೇಲಿದೆ. ಅದರ ಮುಖ್ಯ ಭಾಗ ಪಶ್ಚಿಮಕ್ಕೆ ಒಂದು ಡಿಗ್ರಿಗಿಂತಲೂ ಕಡಿಮೆ ಓರೆಯಾದ ಇಳಿಜಾರು. ಆದ್ದರಿಂದ ಇಲ್ಲಿ ಬಿರುಕುಗಳು ಸಹಾಯಕ ಪಾತ್ರದಲ್ಲಿವೆ. ತಾರಿಮ್ ದ್ರೋಣಿಯ ಕುಚಾ ತಗ್ಗಿನಲ್ಲಿ ಪರಿಸ್ಥಿತಿ ಬೇರೆ: ಟಿಯಾನ್‌ಶಾನ್ ಪರ್ವತದ ಒತ್ತುವಿಕೆಯಿಂದ ಮುರಿದ ಕ್ರಿಟೇಶಿಯಸ್ ಮರಳುಗಲ್ಲು 6,000 ಮೀಟರಿಗಿಂತ ಆಳದಲ್ಲೂ ಬಿರುಕುಗಳ ಬಲದಿಂದಲೇ ಹೇರಳ ಅನಿಲ ಕೊಡುತ್ತದೆ.

ಮೊದಲು ಬಿಗಿಯೋ, ಮೊದಲು ತೈಲವೋ

ದ್ರೋಣಿಯ ಮೂಲಶಿಲೆಗಳು ಅತಿ ಹೆಚ್ಚು ಕಾದದ್ದು ಪೂರ್ವ ಕ್ರಿಟೇಶಿಯಸ್ ಯುಗದ ಸುಮಾರಿಗೆ. ಆ ವೇಳೆಗೆ ಮರಳುಗಲ್ಲು ಬಿಗಿಯಾಗಿತ್ತೇ? ಉತ್ತರವನ್ನು ಅವಲಂಬಿಸಿ ಕೊರೆಯುವ ಸ್ಥಳವೇ ಬದಲಾಗುತ್ತದೆ. ಶಿಲೆ ಇನ್ನೂ ಸಡಿಲವಾಗಿದ್ದಾಗ ತೈಲ ಬಂದಿದ್ದರೆ ಅದು ನೀರಿಗಿಂತ ಹಗುರವಾದ್ದರಿಂದ ಎತ್ತರದ ಗುಮ್ಮಟಗಳಿಗೆ ತೇಲಿ ಸೇರಿರಬೇಕು. ರಂಧ್ರದಲ್ಲಿ ನೆಲೆಸಿದ ತೈಲ ಮುಂದಿನ ಬೆಸುಗೆಯನ್ನೂ ತಡೆದಿರಬಹುದು. ಶಿಲೆ ಮೊದಲೇ ಬಿಗಿಯಾಗಿದ್ದರೆ ತೇಲುವ ಬಲ ಸೂಕ್ಷ್ಮ ಕಂಠಗಳ ಪ್ರತಿರೋಧವನ್ನು ಮೀರಲಾರದು. ಮೂಲಶಿಲೆಯೊಳಗಿನ ಅತಿ ಒತ್ತಡವೇ ತೈಲವನ್ನು ಪಕ್ಕದ ಶಿಲೆಗೆ ನೂಕಬೇಕು, ಅದು ಬಹುದೂರ ಹೋಗಲಾರದು. ಚಾಂಗ್-7ರ ತೈಲ ಮೇಲಿನ ಚಾಂಗ್-6ಕ್ಕೂ ಕೆಳಗಿನ ಚಾಂಗ್-8ಕ್ಕೂ ಸೇರಿರುವುದು, ಸುಲಿಗೆಯಲ್ಲಿ ಅನಿಲವೂ ನೀರೂ ಸ್ಪಷ್ಟ ಗಡಿಯಿಲ್ಲದೆ ಬೆರೆತಿರುವುದು ಎರಡನೆಯ ವಾದಕ್ಕೆ ಬೆಂಬಲ. ಕೆನಡಾದ ಎಲ್ಮ್‌ವರ್ತ್‌ನಲ್ಲಿ ನೀರಿನ ಕೆಳಗೆ ಅನಿಲ ಸಿಕ್ಕಿಕೊಂಡಿರುವುದನ್ನು ಜಾನ್ ಮಾಸ್ಟರ್ಸ್ 1979ರಲ್ಲಿ ವರ್ಣಿಸಿದಾಗ ಈ ವಿಚಾರಕ್ಕೆ ಬುನಾದಿ ಬಿದ್ದಿತ್ತು. ಆದರೆ ಒಂದೇ ಶಿಲೆಯಲ್ಲಿ ಒಂದು ಪದರ ಬೇಗ, ಇನ್ನೊಂದು ತಡವಾಗಿ ಬಿಗಿಯಾಗುವುದು ಸಾಧ್ಯವಾದ್ದರಿಂದ ಇಡೀ ದ್ರೋಣಿಗೆ ಒಂದೇ ತೀರ್ಪು ಕೊಡುವುದು ಸರಿಯಲ್ಲ.

ಸುಲಿಗೆಯ ಅನುಭವ

2000ದ ಆಗಸ್ಟ್‌ನಲ್ಲಿ ಸು-6 ಎಂಬ ಬಾವಿಯ ಪರೀಕ್ಷೆಯಲ್ಲಿ ದಿನಕ್ಕೆ 12 ಲಕ್ಷ ಘನ ಮೀಟರ್ ಅನಿಲದ ಮುಕ್ತ ಹರಿವಿನ ಸಾಮರ್ಥ್ಯ ಕಂಡುಬಂದಾಗ, ಸಮೃದ್ಧ ಇಳುವರಿಯ ಮಹಾಕ್ಷೇತ್ರವೊಂದು ದೊರೆಯಿತೆಂಬ ಉತ್ಸಾಹ ಉಂಟಾಯಿತು. ಮುಂದಿನ ಬಾವಿಗಳು ಆ ನಿರೀಕ್ಷೆಯನ್ನು ತಲೆಕೆಳಗು ಮಾಡಿದವು. ಉತ್ಪಾದನೆ ಆರಂಭಿಸಿದರೆ ಒತ್ತಡ ಬೇಗನೆ ಕುಸಿಯುತ್ತಿತ್ತು; ಹತ್ತಿರ ಹತ್ತಿರದ ಬಾವಿಗಳು ಒಂದೇ ಶಿಲಾತುಣುಕನ್ನು ಮುಟ್ಟುತ್ತಿರಲಿಲ್ಲ. ಮೇಲೆ ಹೇಳಿದ ಬಿಡಿಬಿಡಿ ಉರುಟು ಮರಳಿನ ಪರಿಣಾಮ ಇದು. ಸು-6 ತಗುಲಿದ್ದು ಅಂಥ ಒಂದು ಒಳ್ಳೆಯ ತುಣುಕಿಗೆ.

ಕಡಿಮೆ ಪಾರಗಮ್ಯತೆ, ಕಡಿಮೆ ಒತ್ತಡ, ಕಡಿಮೆ ಸಾಂದ್ರತೆ ಎಂಬ ಮೂರು ಕೊರತೆಗಳನ್ನು ಒಪ್ಪಿಕೊಂಡ ಮೇಲೆಯೇ ಕ್ಷೇತ್ರ ಅಭಿವೃದ್ಧಿಯಾಯಿತು. ನೇರ ಬಾವಿಯೊಂದು ದಿನಕ್ಕೆ ಸುಮಾರು 10,000 ಘನ ಮೀಟರ್ ಕೊಟ್ಟರೆ ಸಾಕೆಂಬ ಲೆಕ್ಕದಲ್ಲಿ, ಅಗ್ಗವಾಗಿ ಸಾವಿರಾರು ಬಾವಿಗಳನ್ನು ಕೊರೆಯುವುದು, ಒಂದೇ ಬಾವಿಯಲ್ಲಿ ಹಲವು ಪದರಗಳನ್ನು ಒತ್ತಡದ ದ್ರವದಿಂದ ಬಿರುಕುಗೊಳಿಸುವುದು, ಮುಂದೆ ಅಡ್ಡಬಾವಿಗಳನ್ನು ಬಳಸುವುದು ಹೀಗೆ ಸಾಗಿತು. ಈ ದ್ರೋಣಿಯನ್ನು ನಿರ್ವಹಿಸುವ ಚಾಂಗ್‌ಚಿಂಗ್ ತೈಲಕ್ಷೇತ್ರದ ವಾರ್ಷಿಕ ಉತ್ಪಾದನೆ 2013ರಲ್ಲಿ ತೈಲಕ್ಕೆ ಸಮಾನವಾಗಿ 5 ಕೋಟಿ ಟನ್ನನ್ನೂ 2020ರಲ್ಲಿ 6 ಕೋಟಿ ಟನ್ನನ್ನೂ ಮುಟ್ಟಿತು. ಚಾಂಗ್-7ರ ಮೂಲಶಿಲೆಯೊಳಗೇ ಇರುವ ಮರಳಿನ ಪದರಗಳಿಂದ ತೈಲ ಕೊಡುವ ಚಿಂಗ್‌ಚೆಂಗ್ ಕ್ಷೇತ್ರವನ್ನು 2019ರಲ್ಲಿ ಘೋಷಿಸಲಾಯಿತು. ಅದನ್ನು ಬಿಗಿ ತೈಲವೆನ್ನಬೇಕೋ ಶೇಲ್ ತೈಲವೆನ್ನಬೇಕೋ ಎಂಬುದು ಪರಿಭಾಷೆಯ ಪ್ರಶ್ನೆ. ಚೀನಾ ಶೇಲ್ ತೈಲವೆಂದೇ ಕರೆಯುತ್ತದೆ.

ಬಿರುಕುಗೊಳಿಸುವ ಕೆಲಸಕ್ಕೆ ಪ್ರತಿ ಅಡ್ಡಬಾವಿಗೂ ಸಾವಿರಾರು ಘನ ಮೀಟರ್ ನೀರು ಬೇಕು. ನೀರೇ ವಿರಳವಾದ ಲೋಯೆಸ್ ನಾಡಿನಲ್ಲಿ ಶಿಲೆಯ ಗುಣಮಟ್ಟವನ್ನು ಮುಂಚಿತವಾಗಿ ತಪ್ಪಾಗಿ ಅಂದಾಜು ಮಾಡಿದರೆ ಹಣದ ಜೊತೆಗೆ ಆ ನೀರೂ ವ್ಯರ್ಥವಾಗುತ್ತದೆ. ಹಿಂದಕ್ಕೆ ಹರಿದುಬರುವ ಉಪ್ಪುನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವುದು, ಒಂದೇ ಅಂಗಳದಿಂದ ಅನೇಕ ಬಾವಿಗಳನ್ನು ಕೊರೆದು ಕೃಷಿಭೂಮಿಯನ್ನು ಉಳಿಸುವುದು ಈಗ ಅಲ್ಲಿ ರೂಢಿಯಲ್ಲಿದೆ.